ಸಾಲು ಮುಗಿದಲ್ಲಿ ಮಾತು ಮುಗಿಯದು

ಶಿಲಾಶಾಸನವನ್ನು ಓದಲು ಕಲಿಯುವವನು ಅಕ್ಷರಗಳ ಆಕಾರಕ್ಕೆ ಅಂಜಬೇಕಾದುದಿಲ್ಲ. ನಾಲ್ಕಾರು ತಿಂಗಳ ಅಭ್ಯಾಸದಿಂದ ಅವು ವಶವಾಗುತ್ತವೆ. ಎಲ್ಲಿ ಬಿಡಿಸಬೇಕು, ಎಲ್ಲಿ ಕೂಡಿಸಬೇಕು ಎಂಬಲ್ಲಿ ಮಾತ್ರ ಹತ್ತು ವರ್ಷ ಓದಿದವರೂ ಎಡವುವುದುಂಟು. ಶಾಸನದಲ್ಲಿ ಪದಕ್ಕೂ ಪದಕ್ಕೂ ನಡುವೆ ತೆರಪಿರುವುದಿಲ್ಲ. ಕಂಡರಿಸುವವನು ಕಲ್ಲಿನ ಅಂಚು ಬಂದಲ್ಲಿ ಸಾಲನ್ನು ನಿಲ್ಲಿಸಿ, ಉಳಿದ ಅಕ್ಷರಗಳನ್ನು ಕೆಳಗಿನ ಸಾಲಿಗೆ ಒಯ್ಯುತ್ತಾನೆ. ಪದವು ನಡುವೆಯೇ ತುಂಡಾಯಿತಲ್ಲ ಎಂಬ ಚಿಂತೆ ಅವನಿಗಿಲ್ಲ. ‘ಕಂಡನಾಗ’ ಎಂಬ ನಾಲ್ಕು ಅಕ್ಷರಗಳನ್ನು ತೆಗೆದುಕೊಳ್ಳಿ. ‘ಕಂಡ ನಾಗ’ ಎಂದು ಬಿಡಿಸಿದರೆ ಅಲ್ಲಿ ಒಂದು ಹಾವಿದೆ. ‘ಕಂಡನು ಆಗ’ ಎಂದು ಬಿಡಿಸಿದರೆ ಹಾವಿಲ್ಲ. ಯಾವುದು ಸರಿಯೆಂಬುದನ್ನು ಆ ನಾಲ್ಕು ಅಕ್ಷರಗಳು ಹೇಳಲಾರವು. ಹಿಂದು ಮುಂದಿನ ಮಾತು ಹೇಳಬೇಕು.

ಈ ಹಳೆಯ ತೊಡಕು ಗಣಕಯಂತ್ರದ ಪರದೆಯ ಮೇಲೆ ಹೊಸ ವೇಷದಲ್ಲಿ ಬಂದು, ನಮ್ಮ ಸ್ನೇಹಿತರೊಬ್ಬರ ಒಂದು ತಿಂಗಳ ದುಡಿಮೆಯನ್ನು ನುಂಗಿದ ಪ್ರಸಂಗವೊಂದು ಕಳೆದ ವರ್ಷದ ಮಳೆಗಾಲದಲ್ಲಿ ನಡೆಯಿತು. ಗಣಕಯಂತ್ರದ ಮಾತೆಂದು ಸಾಹಿತ್ಯಪ್ರಿಯರಾದ ವಾಚಕರು ಪುಟ ಮಗುಚಬಾರದು. ಪ್ರಶ್ನೆಯಿದ್ದುದು ಓದುವಿಕೆಯದು, ಕನ್ನಡದಲ್ಲಿ ಬರೆಯಬೇಕೆ ಬೇಡವೆ ಎಂಬ ಮಾತೂ ನಡುವೆ ಬಂದಿತು.

1904ರಲ್ಲಿ ಬಿ. ಎಲ್. ರೈಸ್ ಅವರು ಹೊರತಂದ ‘ಎಪಿಗ್ರಾಫಿಯ ಕರ್ನಾಟಿಕ’ದ 8ನೆಯ ಸಂಪುಟದಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ, ಸಾಗರ, ನಗರ, ತೀರ್ಥಹಳ್ಳಿ ತಾಲ್ಲೂಕುಗಳ ಶಾಸನಗಳಿವೆ. ಅಂದಿನ ನಗರ ತಾಲ್ಲೂಕೇ ಇಂದಿನ ಹೊಸನಗರ ತಾಲ್ಲೂಕು. ಈ ಸಂಪುಟದ ಕನ್ನಡ ಪಾಠಗಳನ್ನು ಗಣಕಯಂತ್ರಕ್ಕೆ ಇಳಿಸಿ, ಸಂಶಯವುಳ್ಳ ಕಡೆಗಳಲ್ಲಿ ನಮ್ಮ ಟಿಪ್ಪಣಿಯನ್ನು ಚೌಕ ಕಂಸದೊಳಗೆ ಸೇರಿಸುತ್ತ ಹೋಗುವ ಹವ್ಯಾಸವನ್ನು ನಾವು ಮೂವರು ಹಚ್ಚಿಕೊಂಡೆವು. ಸಾಗರದ ಭಾಗ ನನ್ನದು. ಹೊಸನಗರದ ಭಾಗ ಅಲ್ಲಿಯೇ ನೆಲೆಸಿರುವ ನಿವೃತ್ತ ಕನ್ನಡ ಮೇಷ್ಟರದು. ಶಾಂತರಸರ ರಾಜಧಾನಿಯಾಗಿದ್ದ ಹುಂಚ ಆ ತಾಲ್ಲೂಕಿನಲ್ಲಿಯೇ ಇದೆ. ಚಟ್ಟಲದೇವಿಯು 1077ರಲ್ಲಿ ಅಲ್ಲಿ ಪಂಚಕೂಟ ಬಸದಿಯನ್ನು ಕಟ್ಟಿಸಿದಳು. ಆದುದರಿಂದ ಉದ್ದುದ್ದನೆಯ ಶಾಸನಗಳೆಲ್ಲ ಮೇಷ್ಟರ ಪಾಲಿಗೆ ಬಂದವು. ತೀರ್ಥಹಳ್ಳಿಯ ಭಾಗವನ್ನು ಆ ಊರಿನ ಒಬ್ಬ ಕಾಲೇಜು ವಿದ್ಯಾರ್ಥಿ ವಹಿಸಿಕೊಂಡನು. ಮೂವರ ಕಡತಗಳನ್ನೂ ಕೂಡಿಸಿ, ಬೇಕಾದ ಪದವನ್ನು ಹುಡುಕಿಕೊಡುವ ಒಂದು ಸಣ್ಣ ಪ್ರೋಗ್ರಾಮನ್ನೂ ಅವನೇ ಬರೆದು, ಅದಕ್ಕೆ ‘ಶಾಸನ’ ಎಂದು ಹೆಸರಿಟ್ಟನು. ಅದರ ಆಜ್ಞೆಗಳೆಲ್ಲ ಕನ್ನಡದವು. ಇಂಗ್ಲಿಷಿಗೆ ಅಂಜುತ್ತಿದ್ದ ಮೇಷ್ಟರಿಗೆ ಇದರಿಂದ ಆದ ಸಂತೋಷ ಅಷ್ಟಿಷ್ಟಲ್ಲ.

ಇಲ್ಲಿ ಎರಡು ಮಾತು ಬಿಡಿಸಿ ಹೇಳಬೇಕು. ಯೂನಿಕ್ಸ್ ಮತ್ತು ಲಿನಕ್ಸ್ ಪರಂಪರೆಯ ಗಣಕಯಂತ್ರಗಳಲ್ಲಿ ನಾವು ಬೆರಳಚ್ಚಿಸಿದ ಆಜ್ಞೆಯನ್ನು ಓದಿ ನಡೆಸುವ ಭಾಗಕ್ಕೆ ‘ಶೆಲ್’ ಎನ್ನುತ್ತಾರೆ. ತೆಂಗಿನಕಾಯಿಯ ತಿರುಳಿನ ಸುತ್ತ ಕರಟವಿರುವಂತೆ, ಯಂತ್ರದ ಒಳತಿರುಳಿಗೂ ನಮಗೂ ನಡುವೆ ಇರುವುದರಿಂದ ಆ ಹೆಸರು. ಬ್ರಯನ್ ಫಾಕ್ಸ್ ಬರೆದು 1989ರಲ್ಲಿ ಹೊರಬಂದ ‘ಬ್ಯಾಷ್’ ಇವುಗಳಲ್ಲಿ ಬಹಳ ಬಳಕೆಯಲ್ಲಿರುವುದು. ಆಜ್ಞೆಯ ಮೊದಲೆರಡು ಅಕ್ಷರ ಬರೆದು ಟ್ಯಾಬ್ ಕೀಲಿಯನ್ನೊತ್ತಿದರೆ ಉಳಿದುದನ್ನು ಶೆಲ್ ತಾನೇ ಪೂರೈಸುತ್ತದೆ; ಪೂರೈಕೆಗೆ ಹಲವು ದಾರಿಗಳಿದ್ದರೆ, ಮತ್ತೊಮ್ಮೆ ಒತ್ತಿದಾಗ ಅವನ್ನೆಲ್ಲ ಪಟ್ಟಿ ಮಾಡಿ ತೋರಿಸುತ್ತದೆ. ನಮ್ಮ ಪೇಟೆಯ ಹಳೆಯ ಅಂಗಡಿಗಳಲ್ಲಿ ‘ಅರ್ಧ ಕಿಲೋ ಸ...’ ಎನ್ನುವಷ್ಟರಲ್ಲಿ ಸಕ್ಕರೆ ಕಟ್ಟಲು ಕೈಹಾಕುವ ಯಜಮಾನರಿರುತ್ತಾರಲ್ಲ, ಅಂತಹುದೇ ಉಪಕಾರ ಇದು. ಈ ಅನುಕೂಲ 1970ರ ದಶಕದ ಆದಿಯಲ್ಲಿ ‘ಟೆನೆಕ್ಸ್’ ಎಂಬ ವ್ಯವಸ್ಥೆಯಲ್ಲಿ ಇದ್ದಿತು. ಅದರ ಮಾದರಿಯನ್ನು ಕೆನ್ ಗ್ರೀರ್ ಎಂಬವರು ಯೂನಿಕ್ಸಿನ ಸಿ ಶೆಲ್ಲಿಗೆ ತಂದರು. 2000ದಲ್ಲಿ ಬಂದ ಬ್ಯಾಷಿನ 2.04ನೆಯ ಆವೃತ್ತಿಯಿಂದೀಚೆಗೆ, ಯಾವ ಆಜ್ಞೆಗೆ ಏನೇನನ್ನು ಪೂರೈಸಬೇಕೆಂದು ಬಳಸುವವರೇ ಶೆಲ್ಲಿಗೆ ಕಲಿಸಬಹುದಾಯಿತು.

ಕಲಿಸುವುದು ಹೇಗೆ? ಬಹುಪಾಲು ಪ್ರೋಗ್ರಾಮುಗಳಿಗೆ ‘--ಹೆಲ್ಪ್’ ಎಂದು ಹೇಳಿದರೆ ತಮ್ಮಲ್ಲಿರುವ ಆಯ್ಕೆಗಳನ್ನೂ ಅವುಗಳ ವಿವರಣೆಯನ್ನೂ ಪರದೆಯ ಮೇಲೆ ಬರೆದು ತೋರಿಸುತ್ತವೆ. ಇದನ್ನು ಸಹಾಯಪಾಠವೆಂದು ಕರೆಯೋಣ. ಆಯ್ಕೆಗಳೆಲ್ಲ ಅಲ್ಲಿಯೇ ಇರುವಾಗ ಇನ್ನೊಂದು ಪಟ್ಟಿಯನ್ನು ಏಕೆ ಬರೆಯಬೇಕು, ಆ ಪಾಠವನ್ನೇ ಓದಿ ಹೆಸರುಗಳನ್ನು ಹೆಕ್ಕಿಕೊಂಡರಾಯಿತು ಎಂಬುದು ಸುಲಭೋಪಾಯ. ಲೋಕದಲ್ಲಿ ಹಲವರು ಹೀಗೆ ಮಾಡುತ್ತಾರೆ. ನಮ್ಮ ಹುಡುಗನೂ ಮಾಡಿದನು. ‘ಶಾಸನ’ದ ಸಹಾಯಪಾಠವನ್ನು ಸಾಲುಸಾಲಾಗಿ ಓದಿ, ಕಿರುಗೆರೆಯಿಂದ ಮೊದಲಾಗುವ ಸಾಲು ಸಿಕ್ಕಿದೊಡನೆ ಅದರ ಮೊದಲ ಪದವನ್ನು ಆಯ್ಕೆಯೆಂದು ಎತ್ತಿಕೊಳ್ಳುವ ಹತ್ತು ಸಾಲಿನ ಓದುಗನೊಂದನ್ನು ಬರೆದು ಮೂವರ ಯಂತ್ರಗಳಲ್ಲಿಯೂ ಇರಿಸಿದನು.

ಆ ಸಹಾಯಪಾಠದ ಮುಖ್ಯ ಭಾಗ ಹೀಗಿತ್ತು:

  --ತಾಲ್ಲೂಕು ಹೆಸರು    ಆ ತಾಲ್ಲೂಕಿನ ಶಾಸನಗಳನ್ನು ಮಾತ್ರ ತೋರಿಸುತ್ತದೆ.
  --ಹುಡುಕು ಪದ       ಆ ಪದವಿರುವ ಸಾಲುಗಳನ್ನು ತೋರಿಸುತ್ತದೆ.
  --ಪ್ರತಿ            ಕಡತದ ಒಂದು ಪ್ರತಿಯನ್ನು ಬೇರೆಡೆ ಇಡುತ್ತದೆ. ಇದಾಗದೆ
                    --ಶುದ್ಧಿ ಎಂಬುದನ್ನು ಎಂದಿಗೂ ಬಳಸಬೇಡಿ.

‘ಶುದ್ಧಿ’ ಎಂಬುದು ಹುಡುಗನು ತನ್ನ ಅನುಕೂಲಕ್ಕಾಗಿ ಮಾಡಿಕೊಂಡಿದ್ದ ಆಯ್ಕೆ. ಚೌಕ ಕಂಸದೊಳಗಿನ ಟಿಪ್ಪಣಿಗಳನ್ನೆಲ್ಲ ತೆಗೆದುಹಾಕಿ, ರೈಸ್ ಅವರ ಮೂಲಪಾಠವನ್ನಷ್ಟೆ ಉಳಿಸಿ, ಕಡತವನ್ನು ಮತ್ತೆ ಬರೆಯುವುದು ಅದರ ಕೆಲಸ. ಅಪಾಯದ್ದೆಂದು ತಿಳಿದೇ ಅವನು ಅದನ್ನು ಆಯ್ಕೆಗಳ ಪಟ್ಟಿಗೆ ಸೇರಿಸದೆ, ‘ಪ್ರತಿ’ಯ ವಿವರಣೆಯೊಳಗೆ ಒಂದು ಎಚ್ಚರಿಕೆಯ ಮಾತಾಗಿ ಮಾತ್ರ ಇಟ್ಟಿದ್ದನು. ಆದರೆ ಆ ವಾಕ್ಯವು ಒಂದು ಸಾಲಿನಲ್ಲಿ ಹಿಡಿಸದೆ, ‘ಇದಾಗದೆ’ ಎಂಬಲ್ಲಿ ಮುರಿದು, ಕೆಳಗಿನ ಸಾಲು ‘--ಶುದ್ಧಿ’ ಎಂಬುದರಿಂದಲೇ ಆರಂಭವಾಯಿತು. ಯಂತ್ರದ ಓದುಗನಿಗೆ ಬೇಕಾದುದು ಅಷ್ಟೇ. ಸಾಲಿನ ಮೊದಲಲ್ಲಿ ಕಿರುಗೆರೆಯಿದೆ. ಆದುದರಿಂದ ಇದೂ ಒಂದು ಆಯ್ಕೆ. ಟ್ಯಾಬ್ ಒತ್ತಿದಾಗ ಬರುವ ಪಟ್ಟಿಯಲ್ಲಿ ಹೆಸರುಗಳಲ್ಲದೆ ವಿವರಣೆ ಇರುವುದಿಲ್ಲ. ತಾಲ್ಲೂಕು, ಹುಡುಕು, ಪ್ರತಿ, ಶುದ್ಧಿ ಎಂದು ನಾಲ್ಕು ಹೆಸರುಗಳು ಮೇಷ್ಟರ ಮುಂದೆ ಸಾಲಾಗಿ ನಿಂತವು.

ಮೂವತ್ತು ವರ್ಷ ಮಕ್ಕಳ ಪ್ರಬಂಧಗಳನ್ನು ತಿದ್ದಿದವರಿಗೆ ‘ಶುದ್ಧಿ’ ಎಂದರೆ ತೋರುವುದು ಒಂದೇ ಅರ್ಥ. ಕಾಗುಣಿತದ ತಪ್ಪುಗಳನ್ನು ತಿದ್ದುವ ಏರ್ಪಾಡನ್ನೂ ಹುಡುಗ ಮಾಡಿಟ್ಟಿದ್ದಾನೆಂದು ಮೆಚ್ಚಿಕೊಂಡು ಅವರು ಎಂಟರ್ ಕೀಲಿಯನ್ನೊತ್ತಿದರು. ಹುಂಚದ ಶಾಸನಗಳ ಮೇಲೆ ಬರೆದಿದ್ದ ಟಿಪ್ಪಣಿಗಳೆಲ್ಲ ಒಂದು ಕ್ಷಣದಲ್ಲಿ ಮಾಯವಾದವು. ತಿಂಗಳ ಹಿಂದೆ ತೆಗೆದಿದ್ದ ಒಂದು ಪ್ರತಿ ತೀರ್ಥಹಳ್ಳಿಯಲ್ಲಿದ್ದುದರಿಂದ ಅಲ್ಲಿಯವರೆಗಿನದು ಉಳಿಯಿತು. ಆಮೇಲಿನ ತಿಂಗಳದು ಹೋಯಿತು.

ಮರುವಾರ ಮೇಷ್ಟರೂ ಹುಡುಗನೂ ಸಾಗರದ ನಮ್ಮ ಮನೆಗೆ ಬಂದರು. ಹೊರಗೆ ಮಳೆ ಹಿಡಿದುಕೊಂಡಿತ್ತು, ವಿದ್ಯುತ್ತು ಹೋಗಿಬರುತ್ತಿತ್ತು. ಹುಡುಗನು ತಲೆಯೆತ್ತಿರಲಿಲ್ಲ.

‘ತಪ್ಪು ನನ್ನದು, ಮೇಷ್ಟ್ರೇ. ಕನ್ನಡದಲ್ಲಿ ಬರೆಯಹೋಗಿ ಹೀಗಾಯಿತು. ಸಹಾಯಪಾಠವನ್ನು ಇಂಗ್ಲಿಷಿನಲ್ಲಿಯೇ ಬರೆದುಬಿಡುತ್ತೇನೆ. ಓದುವ ಸಾಧನಗಳೆಲ್ಲ ಇಂಗ್ಲಿಷಿಗೆ ಹೊಂದಿಕೊಂಡಿವೆ’ ಎಂದನು.

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಬ್ಯಾಷಿನೊಂದಿಗೆ ಬಳಸುವ ಪೂರೈಕೆಯ ಸಿದ್ಧ ಸಂಗ್ರಹದಲ್ಲಿ ಸಹಾಯಪಾಠವನ್ನು ಓದುವ ಒಂದು ಸಾಧನವಿದೆ. ಅದು ಪ್ರೋಗ್ರಾಮಿಗೆ ಆಜ್ಞೆ ಕೊಡುವಾಗಲೇ, ಭಾಷಾಂತರವಿಲ್ಲದ ಮೂಲರೂಪದಲ್ಲಿ ಮಾತಾಡಬೇಕೆಂದು ತಿಳಿಸಿಬಿಡುತ್ತದೆ. ಆ ಮೂಲರೂಪ ಸಾಮಾನ್ಯವಾಗಿ ಇಂಗ್ಲಿಷು. ಎರಡು ಆಯ್ಕೆಗಳ ನಡುವೆ ಇಂಗ್ಲಿಷಿನ ‘ಆರ್’ ಎಂಬ ಪದವಿದ್ದರೆ ಅದನ್ನು ಅಲ್ಪವಿರಾಮವೆಂದು ತಿಳಿದುಕೊಳ್ಳುತ್ತದೆ. ನಮ್ಮ ‘ಅಥವಾ’ ಅದಕ್ಕೆ ತಿಳಿಯದು. ಚಿಕ್ಕ ಆಯ್ಕೆಯ ಮುಂದೆ ಬಳಸುವವನು ತುಂಬಬೇಕಾದ ಪದವನ್ನು ಇಂಗ್ಲಿಷಿನಲ್ಲಿ ದೊಡ್ಡಕ್ಷರಗಳಲ್ಲಿ ಬರೆಯುವ ಪದ್ಧತಿಯುಂಟು. ಆ ದೊಡ್ಡಕ್ಷರಗಳ ಗುರುತಿನಿಂದಲೇ ಸಾಧನವು ಅದನ್ನು ದಾಟಿ ಮುಂದಿನ ಆಯ್ಕೆಯನ್ನು ಹಿಡಿಯುತ್ತದೆ. ಕನ್ನಡದಲ್ಲಿ ದೊಡ್ಡಕ್ಷರ ಸಣ್ಣಕ್ಷರವೆಂಬ ಭೇದವೇ ಇಲ್ಲ. ‘-ತ ಹೆಸರು, --ತಾಲ್ಲೂಕು’ ಎಂದು ಬರೆದರೆ ಅಂತಹ ಓದುಗನು ‘ಹೆಸರು’ ಎಂಬಲ್ಲಿಯೇ ನಿಂತುಬಿಡುತ್ತಾನೆ. ‘ತಾಲ್ಲೂಕು’ ಪಟ್ಟಿಗೆ ಬರುವುದೇ ಇಲ್ಲ. ಹುಡುಗನು ಇದನ್ನೆಲ್ಲ ಅನುಭವಿಸಿ ಬೇಸತ್ತಿದ್ದನು.

ಮೇಷ್ಟರು ಪಾಠವನ್ನು ಎರಡು ಬಾರಿ ಓದಿ, ಒಂದು ಕಾಗದ ತೆಗೆದುಕೊಂಡು ಅದೇ ಎಚ್ಚರಿಕೆಯನ್ನು ಇಂಗ್ಲಿಷಿನಲ್ಲಿ ಬರೆದರು. ಇಂಗ್ಲಿಷಿನಲ್ಲಿ ನಿಷೇಧ ಮೊದಲು ಬರುತ್ತದೆ, ಬಳಸಬಾರದ ವಸ್ತು ಆಮೇಲೆ ಬರುತ್ತದೆ. ಸಾಲಿನ ಅಗಲ ಮುಗಿದಾಗ ನಿಷೇಧ ಮೇಲಿನ ಸಾಲಿನ ಕೊನೆಯಲ್ಲಿ ಉಳಿಯಿತು. ಆಯ್ಕೆಯ ಹೆಸರು ಕೆಳಗಿನ ಸಾಲಿನ ತಲೆಯಲ್ಲಿ ಬಂದು ಕುಳಿತಿತು.

‘ನೋಡು ಮಾರಾಯ, ಕನ್ನಡದಲ್ಲಿ ಬೇಡವೆಂಬ ಮಾತು ಹೆಸರಿನ ಮುಂದೆ ಬಂತು, ಇಂಗ್ಲಿಷಿನಲ್ಲಿ ಹಿಂದೆ ಬಂತು. ನಿನ್ನ ಓದುಗ ಎರಡನ್ನೂ ಓದುವುದಿಲ್ಲ. ರೋಗ ಭಾಷೆಯದಲ್ಲ. ಕಲ್ಲಿನ ಅಂಚನ್ನೇ ವಾಕ್ಯದ ಅಂಚೆಂದು ತಿಳಿದವನ ರೋಗ ಇದು. ನನಗೂ ಮೊದಲ ವರ್ಷ ಇತ್ತು’ ಎಂದರು.

ಅಲ್ಲಿಂದ ಮುಂದೆ ಚರ್ಚೆಯ ದಾರಿ ನೇರವಾಯಿತು. ಮನುಷ್ಯನು ಆ ಪಾಠವನ್ನು ಓದುವಾಗ ತಪ್ಪು ಮಾಡುವುದಿಲ್ಲ, ಏಕೆ? ಎರಡನೆಯ ಸಾಲಿನ ಮುಂದೆ ಇರುವ ಖಾಲಿ ಜಾಗವು ‘ಇದು ಮೇಲಿನದರ ಮುಂದುವರಿಕೆ’ ಎಂದು ಅವನ ಕಣ್ಣಿಗೆ ಹೇಳುತ್ತದೆ. ಹಾಗಾದರೆ ಯಂತ್ರಕ್ಕೆ ಆ ಖಾಲಿ ಜಾಗ ಏಕೆ ಕಾಣಲಿಲ್ಲ? ಹುಡುಗನು ತನ್ನ ಹತ್ತು ಸಾಲುಗಳನ್ನು ತೆರೆದು ತೋರಿಸಿದಾಗ ಕಾರಣ ಸಿಕ್ಕಿತು. ಬ್ಯಾಷಿನಲ್ಲಿ ಸಾಲನ್ನು ಓದಿಕೊಳ್ಳುವ ‘ರೀಡ್’ ಎಂಬ ಆಜ್ಞೆಯಿದೆ. ಬೇರೆ ಹೇಳದಿದ್ದರೆ ಅದು ಸಾಲಿನ ಮೊದಲಿನ ಮತ್ತು ಕೊನೆಯ ಖಾಲಿ ಜಾಗವನ್ನು ಒರೆಸಿ, ಉಳಿದುದನ್ನಷ್ಟೆ ಕೈಗೆ ಕೊಡುತ್ತದೆ. ಆಯ್ಕೆಯ ಸಾಲಿಗೂ ಮುಂದುವರಿಕೆಯ ಸಾಲಿಗೂ ಇದ್ದ ಒಂದೇ ಒಂದು ವ್ಯತ್ಯಾಸವು ಪರೀಕ್ಷೆಗೆ ಬರುವ ಮೊದಲೇ ಅಳಿಸಿಹೋಗುತ್ತಿತ್ತು. ಸವೆದ ಕಲ್ಲನ್ನು ಓದುವ ಮುನ್ನ ಉಜ್ಜಿ ನುಣುಪು ಮಾಡಿದಂತಾಯಿತು.

ಇದರ ಪರಿಹಾರ ಚಿಕ್ಕದು. ‘ಐಎಫ್‌ಎಸ್’ ಎಂಬ ಚಲಾಂಶದಲ್ಲಿ, ಯಾವ ಚಿಹ್ನೆಗಳನ್ನು ಬಿಡಿಸುವ ಗುರುತಾಗಿ ಹಿಡಿಯಬೇಕೆಂಬುದು ಇರುತ್ತದೆ. ಅದನ್ನು ಬರಿದು ಮಾಡಿ ರೀಡ್ ಆಜ್ಞೆಯನ್ನು ಕೊಟ್ಟರೆ ಖಾಲಿ ಜಾಗ ಇದ್ದಂತೆಯೇ ಉಳಿಯುತ್ತದೆ. ಆಮೇಲೆ ಓದುಗನಿಗೆ ಒಂದು ನಿಯಮ ಕೊಟ್ಟೆವು. ವಿವರಣೆಗಳು ಎಷ್ಟನೆಯ ಸ್ಥಾನದಿಂದ ಆರಂಭವಾಗುತ್ತವೆಯೋ ಅಷ್ಟು ಖಾಲಿ ಜಾಗ ಬಿಟ್ಟು ಮೊದಲಾಗುವ ಸಾಲಿನಲ್ಲಿ ಕಿರುಗೆರೆಯಿದ್ದರೂ ಅದು ಆಯ್ಕೆಯಲ್ಲ. ಮತ್ತೆ ಟ್ಯಾಬ್ ಒತ್ತಿದಾಗ ಪಟ್ಟಿಯಲ್ಲಿ ಮೂರೇ ಹೆಸರುಗಳು ಬಂದವು. ಮೊದಲ ಕಾಲದ ಬೆರಳಚ್ಚು ಯಂತ್ರಗಳಲ್ಲಿ ಟ್ಯಾಬ್ ಕೀಲಿಯನ್ನು ಇಟ್ಟಿದ್ದುದೇ ಅಂಕಣಗಳನ್ನು ನೇರವಾಗಿ ಜೋಡಿಸುವುದಕ್ಕೆ. ಅದೇ ಕೀಲಿಯ ಇಂದಿನ ಕೆಲಸಕ್ಕೂ ಕೊನೆಗೆ ಅಂಕಣದ ವಿವೇಕವೇ ಬೇಕಾಯಿತು.

ಹುಡುಗನು ಗೆದ್ದೆನೆಂದುಕೊಂಡನು. ನಾನು ನಾಲ್ಕಾರು ಬೇರೆ ಪ್ರೋಗ್ರಾಮುಗಳ ಸಹಾಯಪಾಠಗಳನ್ನು ತೆಗೆದು ಅವನ ಮುಂದಿಟ್ಟೆನು. ಗ್ನೂ ಸಂಪ್ರದಾಯದ ಪ್ರೋಗ್ರಾಮುಗಳಲ್ಲಿ ಸಾಮಾನ್ಯವಾಗಿ ಎರಡು ಸ್ಥಾನ ಬಿಟ್ಟು ಚಿಕ್ಕ ಆಯ್ಕೆಯನ್ನು ಬರೆಯುತ್ತಾರೆ. ಚಿಕ್ಕ ರೂಪವಿಲ್ಲದ ಆಯ್ಕೆಯಾದರೆ ಆರು ಸ್ಥಾನ ಬಿಡುತ್ತಾರೆ. ಕೆಲವರು ಜಾಗವನ್ನೇ ಬಿಡುವುದಿಲ್ಲ. ಕೆಲವರು ವಿವರಣೆಯನ್ನು ಕೆಳಗಿನ ಸಾಲಿನಲ್ಲಿ ಬರೆಯುತ್ತಾರೆ. ಒಬ್ಬೊಬ್ಬ ಲಿಪಿಕಾರನದು ಒಂದೊಂದು ಚಾಳಿ. ನಮ್ಮ ನಿಯಮವು ನಮ್ಮ ಪಾಠಕ್ಕೆ ಸರಿ. ಎಲ್ಲರ ಪಾಠಕ್ಕೂ ಸರಿಯೆನ್ನುವಂತಿಲ್ಲ. ಇನ್ನೊಂದು ಅಪಾಯವೂ ಇದೆ. ಸಹಾಯಪಾಠವನ್ನು ಓದಬೇಕಾದರೆ ಪ್ರೋಗ್ರಾಮನ್ನು ‘--ಹೆಲ್ಪ್’ ಎಂದು ಒಮ್ಮೆ ನಡೆಸಲೇಬೇಕು. ಆ ಮಾತನ್ನು ಅರಿಯದ ಪ್ರೋಗ್ರಾಮು ಅದನ್ನು ಲೆಕ್ಕಿಸದೆ ತನ್ನ ಕೆಲಸವನ್ನೇ ಮಾಡಿಬಿಟ್ಟರೆ? ಗೊತ್ತಿಲ್ಲದ ಪ್ರೋಗ್ರಾಮುಗಳನ್ನು ಹೀಗೆ ಕೆಣಕಬಾರದೆಂಬುದು ಬಲ್ಲವರು ಪಾಲಿಸುವ ವಿವೇಕ.

ಆದುದರಿಂದ ಬೇರಿಗೆ ಇಳಿಯಬೇಕಾಯಿತು. ಸಹಾಯಪಾಠ ಮನುಷ್ಯರಿಗಾಗಿ ಬರೆದ ಗದ್ಯ. ಅದರಲ್ಲಿ ಎಚ್ಚರಿಕೆಯಿರುತ್ತದೆ, ಉದಾಹರಣೆಯಿರುತ್ತದೆ, ಒಮ್ಮೊಮ್ಮೆ ಕ್ಷಮಾಪಣೆಯೂ ಇರುತ್ತದೆ. ಯಂತ್ರಕ್ಕೆ ಬೇಕಾದುದು ಹೆಸರುಗಳ ಪಟ್ಟಿ. ಪ್ರೋಗ್ರಾಮಿನ ಹೊಟ್ಟೆಯಲ್ಲಿ ಆ ಪಟ್ಟಿ ಹೇಗೂ ಇದ್ದೇ ಇರುತ್ತದೆ. ಇಲ್ಲದಿದ್ದರೆ ನಾವು ಕೊಟ್ಟ ಆಯ್ಕೆಯನ್ನು ಅದು ಗುರುತಿಸುವುದು ಹೇಗೆ? ಪಟ್ಟಿಯನ್ನು ಗದ್ಯವಾಗಿ ಬರೆದು, ಆ ಗದ್ಯದಿಂದ ಮತ್ತೆ ಪಟ್ಟಿಯನ್ನು ಊಹಿಸುವುದು ಸುತ್ತುಬಳಸಿನ ದಾರಿ. ಪಟ್ಟಿಯನ್ನೇ ನೇರವಾಗಿ ಕೇಳಬಹುದು. ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಆರಂಭಿಸಿದ, ಇಂದು ಲೋಕದ ಬಹುಪಾಲು ಪ್ರೋಗ್ರಾಮುಕಾರರು ಬಳಸುವ ‘ಗಿಟ್’ ಎಂಬ ಸಾಧನದಲ್ಲಿ ಈ ಏರ್ಪಾಡಿದೆ. ಅದರ ಪೂರೈಕೆಗಾಗಿ ಹಿಂದೆ ಆಯ್ಕೆಗಳ ಹೆಸರುಗಳನ್ನು ಕೈಯಿಂದ ಬರೆದಿಡಬೇಕಾಗಿತ್ತು. 2018ರಲ್ಲಿ ಅದರ ಆಜ್ಞೆಗಳಿಗೆ ಒಂದು ಗುಪ್ತ ಆಯ್ಕೆಯನ್ನು ಸೇರಿಸಿದರು. ಶೆಲ್ ಆ ಗುಪ್ತ ಮಾತನ್ನು ಹೇಳಿದೊಡನೆ ಆಜ್ಞೆಯು ತನ್ನ ಆಯ್ಕೆಗಳ ಹೆಸರುಗಳನ್ನಷ್ಟೆ ಒಪ್ಪಿಸುತ್ತದೆ. ಅಲ್ಲಿ ಊಹೆಗೆ ಎಡೆಯಿಲ್ಲ.

ಹುಡುಗನು ಅದೇ ಮಾದರಿಯನ್ನು ಹಿಡಿದನು. ‘ಶಾಸನ’ದೊಳಗೆ ಈಗ ಒಂದೇ ಪಟ್ಟಿಯಿದೆ. ಅದರಿಂದ ಒಂದು ಕಡೆಗೆ ಶೆಲ್ಲಿಗೆ ಬೇಕಾದ ಹೆಸರುಗಳು ಹೊರಡುತ್ತವೆ. ಇನ್ನೊಂದು ಕಡೆಗೆ ನಮ್ಮಂತಹವರಿಗೆ ಬೇಕಾದ ಕನ್ನಡ ಗದ್ಯ ಹೊರಡುತ್ತದೆ. ಗದ್ಯದ ಸಾಲು ಎಲ್ಲಿ ಮುರಿದರೂ ಹೆಸರುಗಳಿಗೆ ಬಾಧೆಯಿಲ್ಲ. ಹೆಸರುಗಳಿಗಾಗಿ ಗದ್ಯವು ತನ್ನ ನಡಿಗೆಯನ್ನು ಬದಲಿಸಬೇಕಾದುದೂ ಇಲ್ಲ. ‘ಅಥವಾ’ ಎಂದು ಬೇಕಾದಲ್ಲಿ ಬರೆಯಬಹುದು. ದೊಡ್ಡಕ್ಷರಗಳಿಲ್ಲವೆಂದು ಕೊರಗಬೇಕಾಗಿಲ್ಲ. ಬೇರೆಯವರ ಪ್ರೋಗ್ರಾಮುಗಳಿಗಾಗಿ ಹಳೆಯ ಓದುಗನನ್ನು ಅವನು ಇನ್ನೂ ಇಟ್ಟುಕೊಂಡಿದ್ದಾನೆ. ಆದರೆ ಅದನ್ನು ಈಗ ಊಹೆಯೆಂದೇ ಕರೆಯುತ್ತಾನೆ.

ಹೊರಡುವ ಮುನ್ನ ಮೇಷ್ಟರು ಇನ್ನೊಂದು ಮಾತನ್ನು ಎತ್ತಿದರು. ‘ತಮ್ಮಾ, ಓದುಗ ತಪ್ಪಿ ಓದಿದ, ಸರಿ. ಆದರೆ ಅವನು ತಪ್ಪಿ ಓದದಿದ್ದರೂ ಒಂದು ದಿನ ನಾನೇ ಕುತೂಹಲದಿಂದ ಶುದ್ಧಿ ಎಂದು ಬರೆಯುತ್ತಿದ್ದೆನೇನೋ. ಪಟ್ಟಿಯಲ್ಲಿ ಹೇಳದೆ ಬಿಟ್ಟರೆ ಬೇಲಿ ಹಾಕಿದಂತಾಗುತ್ತದೆಯೇ?’

ಈ ಪ್ರಶ್ನೆಗೆ ಹುಡುಗನಲ್ಲಿ ಉತ್ತರವಿರಲಿಲ್ಲ, ನನ್ನಲ್ಲಿಯೂ ಇರಲಿಲ್ಲ. ತಪ್ಪಿನ ಮೂಲವನ್ನೆಲ್ಲ ಟ್ಯಾಬ್ ಕೀಲಿಯ ಮೇಲೆ ಹೊರಿಸಿ ನಾವು ನಿಶ್ಚಿಂತರಾಗಿದ್ದೆವು. ಹತ್ತು ಸಾಲಿನ ಓದುಗನು ಮಾಡಿದ್ದು ಬಚ್ಚಿಟ್ಟದ್ದನ್ನು ಬೀದಿಗೆ ತಂದ ಕೆಲಸ ಮಾತ್ರ. ಅಳಿಸುವ ಶಕ್ತಿಯನ್ನು ಯಾವ ಕಾವಲೂ ಇಲ್ಲದೆ ಇರಿಸಿದವರು ಬೇರೆ. ಈಗ ‘ಶುದ್ಧಿ’ಯು ಪಟ್ಟಿಯಲ್ಲಿ ಬಹಿರಂಗವಾಗಿಯೇ ಇದೆ. ಅದನ್ನು ಕರೆದರೆ ಮೊದಲು ತಾನೇ ಒಂದು ಪ್ರತಿಯನ್ನು ತೆಗೆದಿಡುತ್ತದೆ. ಎಷ್ಟು ಟಿಪ್ಪಣಿಗಳು ಹೋಗುತ್ತವೆಂದು ಕನ್ನಡದಲ್ಲಿ ತಿಳಿಸಿ, ಹೌದೆಂದು ಬರೆದ ಮೇಲೆಯೇ ಮುಂದುವರಿಯುತ್ತದೆ. ಅದಕ್ಕೆ ‘ಟಿಪ್ಪಣಿ-ತೆಗೆ’ ಎಂದು ಹೆಸರನ್ನೂ ಬದಲಿಸಬೇಕೆಂದು ಮೇಷ್ಟರು ಸೂಚಿಸಿದರು, ಹಾಗೆಯೇ ಆಯಿತು. ಮಾಡುವ ಕೆಲಸವನ್ನೇ ಹೇಳುವ ಹೆಸರಿದ್ದರೆ ಅರ್ಧ ಅಪಾಯ ಕಡಮೆ.

ಕಳೆದುಹೋದ ತಿಂಗಳ ಟಿಪ್ಪಣಿಗಳನ್ನು ಮೇಷ್ಟರು ದೀಪಾವಳಿಯ ಹೊತ್ತಿಗೆ ಮತ್ತೆ ಬರೆದು ಮುಗಿಸಿದರು. ಒಂದು ಕಡೆಯಲ್ಲಿ ಮಾತ್ರ ಚೌಕ ಕಂಸವನ್ನು ತೆರೆದು ಬರಿದಾಗಿಯೇ ಬಿಟ್ಟಿದ್ದಾರೆ. ಸವೆದ ಮೂರು ಅಕ್ಷರಗಳಿಗೆ ಅಂದು ರಾತ್ರಿ ಒಂದು ಪಾಠ ಹೊಳೆದಿತ್ತಂತೆ. ಬರೆದುದು ಹೋಯಿತು, ಎಷ್ಟು ಯೋಚಿಸಿದರೂ ಮರಳಿ ಹೊಳೆಯಲಿಲ್ಲ. ಹುಡುಗನು ಈಗಲೂ ವಾರಕ್ಕೊಮ್ಮೆ ತೀರ್ಥಹಳ್ಳಿಯಿಂದ ದೂರವಾಣಿಯಲ್ಲಿ ಕೇಳುತ್ತಾನೆ, ‘ಅದು ಸಿಕ್ಕಿತೇ, ಮೇಷ್ಟ್ರೇ?’ ಎಂದು. ಸಿಕ್ಕರೆ ಬರೆಯಲು ಜಾಗ ಬಿಟ್ಟಿದೆ.